ಮನೆಯವರ ಗುಳಿಗೆ

ಬೆಳಕು ಹರಿಯುವ ಮೊದಲು ಖುರ್ಷಿದಾಬೇಗಂ ಮಾಡುತ್ತಿದ್ದ ಕೆಲಸಗಳಿವು: ಗಂಡನ ಕಾಲು ತುಳಿಯದ ಹಾಗೆ ಹಾಸಿಗೆ ಬಿಟ್ಟು ಏಳುವುದು. ಪಕ್ಕದ ಮನೆಯ ಸಾವಂತ್ರೆವ್ವನ ಬಾಗಿಲು ಬಡಿದು, ಇಬ್ಬರೂ ಚೊಂಬು ಹಿಡಿದು ಗುಡ್ಡದ ಕಡೆಗೆ ಹೋಗಿಬರುವುದು. ನಳದ ಮುಂದೆ ಕೊಡಗಳನ್ನು ಸಾಲಿಗಿಟ್ಟು, ಸರದಿ ಬರುವುದರೊಳಗೆ ನಿನ್ನೆಯ ಬಟ್ಟೆ ನೆನೆಹಾಕುವುದು. ನೀರು ತುಂಬುವುದು. ನಮಾಜಿಗೆ ಮೊದಲು ಅತ್ತೆ ಕೈಕಾಲು ತೊಳೆಯುವ ವಜೂಗೆ ಬಿಸಿನೀರು ಇಡುವುದು. ಒಲೆ ಸಾರಿಸಿ ಹೊತ್ತಿಸುವುದು. ಹಿಟ್ಟಿಗೆ ಎಸರು ಕಾಯಿಸುವುದು, ನಾದುವುದು, ಬಡಿಯುವುದು, ಬೇಯಿಸುವುದು, ಮತ್ತೆ ನಾದುವುದು. ಪಲ್ಯವನ್ನು ಎರಡು ಪಾತ್ರೆಯಲ್ಲಿ ಮಾಡುವುದು, ಯಾಕೆಂದರೆ ಗಂಡನಿಗೆ ಉಪ್ಪು ಕಡಿಮೆ. ಗೋಡೆಯ ಮೊಳೆಗಳಿಗೆ ತೂಗಿದ ಡಬ್ಬಿಗಳನ್ನು ಇಳಿಸಿ ಬುತ್ತಿ ತುಂಬುವುದು. ಕಡೆಗೆ, ಅತ್ತೆಯ ಎಲೆಯಡಿಕೆ ಚೀಲದಿಂದ ಅಡಕೊತ್ತು ತೆಗೆದು, ಗಂಡನ ಬಿಪಿ ಗುಳಿಗೆಯನ್ನು ಅಡಿಕೆ ಕತ್ತರಿಸಿದ ಹಾಗೆ ಎರಡು ಮಾಡಿ, ದೊಡ್ಡ ಚೂರನ್ನು ಅವನ ಚಹಾದ ಬಸಿಯಲ್ಲಿಟ್ಟು, ಸಣ್ಣದನ್ನು ತಾನು ನುಂಗುವುದು.

ಇಷ್ಟಾದ ಮೇಲೆ ಹುಸೇನಸಾಬ ಎದ್ದು, ಮೈಮುರಿದು, "ಏನ ಹೊಗಿ ಎಬ್ಬಿಸೀದೆಲ್ಲಾ ಮುಂಜಮುಂಜಾನೆ" ಅನ್ನುತ್ತಿದ್ದ. ದಿನ ಶುರುವಾಗುತ್ತಿದ್ದದ್ದು ಅವನ ಲೆಕ್ಕದಲ್ಲಿ ಆಗ.

ಬಾಗೇವಾಡಿ ಕಡೆಯ ಹಳ್ಳಿಯಿಂದ ಖುರ್ಷಿದಾ ಗೋವಾಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಮಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು. ಮೊದಲು ಬಾಯ್ನಾದ ಕಡಲದಂಡೆಯಲ್ಲಿ ಒಂದು ತಟ್ಟಿಯ ಮನೆ. ಅಲ್ಲಿ ಅನ್ನದಲ್ಲೂ ಮರಳು, ತೊಟ್ಟಿಲಲ್ಲೂ ಮರಳು. ಆಮೇಲೆ ಝುವಾರಿನಗರದಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಒಂದು ಖೋಲಿ. ಕಟ್ಟಡಗಳಲ್ಲಿ ಕಾಂಕ್ರೀಟು ಬುಟ್ಟಿ ಹೊತ್ತು ಬೆನ್ನು ಬಿದ್ದುಹೋಗುವ ಹೊತ್ತಿಗೆ ರೊಟ್ಟಿಯ ಕೆಲಸ ಅವಳನ್ನು ಹುಡುಕಿಕೊಂಡು ಬಂತು. ಬಂದರಿನಲ್ಲಿ ಹಮಾಲಿ ಮಾಡುವ ಚಂದಪ್ಪ ಒಂದು ದಿನ ಬಾಗಿಲ ಮುಂದೆ ನಿಂತಿದ್ದ.

"ಅಕ್ಕಾರ, ನಿಮ್ಮ ಮನಿಯಿಂದ ರೊಟ್ಟಿ ಬಡಿಯೋ ಸಪ್ಪಳ ಬರತೈತಿ. ನಾಕ ರೊಟ್ಟಿ ನನಗೂ ಕೊಡ್ರಿ. ಪಾವ್ ಬ್ರೆಡ್ ತಿಂದ ತಿಂದ ಹೊಟ್ಟಿ ಸ್ಪಂಜ್ ಆಗೇತಿ."

ಊರಿನಲ್ಲಾಗಿದ್ದರೆ ಚಂದಪ್ಪ ಅವಳ ಒಲೆಯ ರೊಟ್ಟಿ ಮುಟ್ಟುತ್ತಿರಲಿಲ್ಲ. ಝುವಾರಿನಗರದಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ; ಹಸಿವು ಅದಕ್ಕೆ ಬಿಡುವು ಕೊಡಲಿಲ್ಲ. ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಅವನ ಇಡೀ ತಂಡ. ಹುಸೇನಸಾಬ ಗೋಡೆಗೆ ಮೊಳೆ ಹೊಡೆದುಕೊಟ್ಟ, ಒಬ್ಬೊಬ್ಬ ಗಿರಾಕಿಯ ಡಬ್ಬಿಗೆ ಒಂದೊಂದು. ಸಾವಂತ್ರೆವ್ವ ಬಡಿಯಲು ಜೊತೆಗೂಡಿದಳು. ಮಗಳ ಮದುವೆ ಆಗಿಹೋದದ್ದು ಆ ಮೊಳೆಗಳ ಮೇಲೆಯೇ. ಖುರ್ಷಿದಾ ಬೆಳಿಗ್ಗೆ ಒಮ್ಮೆ ಆ ಗೋಡೆಯನ್ನು ನೋಡುತ್ತಿದ್ದಳು, ಬೇರೆ ಹೆಂಗಸರು ಕನ್ನಡಿ ನೋಡುವ ಹಾಗೆ.

ಮನೆಯಲ್ಲಿ ಹಿರಿಯಳು ಅಖ್ತರಬಾನು. ಅವಳು ಬರೀ ಅತ್ತೆಯಲ್ಲ, ಖುರ್ಷಿದಾಳ ಅಪ್ಪನ ಒಡಹುಟ್ಟಿದ ಅಕ್ಕ. ಮದುವೆಗೆ ಮುಂಚೆಯೂ ಆಮೇಲೂ ಖುರ್ಷಿದಾ ಕರೆದದ್ದು "ಫೂಫಿ" ಎಂದೇ. ಫೂಫಿಯ ಬಾಯಲ್ಲಿ ಸದಾ ಒಂದೇ ಮಾತು: "ನಮ್ಮದು ಒಂದ ರಕ್ತ." ಖುರ್ಷಿದಾಳ ಪಾಲಿಗೆ ಕೋಳಿಯ ಕತ್ತು ಬಂದಾಗಲೂ ಅದೇ ಮಾತು, ಹಬ್ಬಕ್ಕೆ ಸೀರೆ ತರದೆ ಬಿಟ್ಟಾಗಲೂ ಅದೇ. "ಹೊರಗಿನಾಕಿ ಆಗಿದ್ರ ಮುಖ ಸಣ್ಣ ಮಾಡ್ತಿದ್ಲು. ನೀ ನಮ್ಮಾಕಿ. ಒಂದ ರಕ್ತ." ಇಂಥ ಮಾತಿಗೆ ಎದುರು ಹೇಳುವುದು ಹೇಗೆ?

ತೊಂಬತ್ತೊಂದರಲ್ಲಿ, ಗಣಿಯ ಅದಿರಿನ ಲಾರಿ ಓಡಿಸುತ್ತಿದ್ದ, ಲೈಸೆನ್ಸ್ ಹೊಸದು ಮಾಡಿಸಲು ಹೋದ ಹುಸೇನಸಾಬನಿಗೆ ಬಿಪಿ ಇದೆ ಎಂದು ಗೊತ್ತಾಯಿತು. ವಾಸ್ಕೋದ ಒಬ್ಬ ಡಾಕ್ಟರು ಎನಲಾಪ್ರಿಲ್ ಎಂಬ ಗುಳಿಗೆ ಬರೆದುಕೊಟ್ಟರು. ಮನೆ ಪೂರ್ತಿ ಆ ಗುಳಿಗೆಯ ಸುತ್ತ ತಿರುಗಿತು. ಉಪ್ಪಿನಕಾಯಿ ಬರಣಿ ಅಟ್ಟ ಸೇರಿತು, ಪಲ್ಯ ಎರಡು ಪಾತ್ರೆಯಾಯಿತು, ಅವನು ಮಲಗಿದಾಗ ರೇಡಿಯೋ ಬಂದಾಯಿತು. ಎರಡು ವರ್ಷದ ಮೇಲೆ ಓಣಿಗೆ ಬಂದ ಆರೋಗ್ಯ ಶಿಬಿರದಲ್ಲಿ ನರ್ಸು ಖುರ್ಷಿದಾಳ ತೋಳಿಗೂ ಪಟ್ಟಿ ಸುತ್ತಿದಳು. ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಸುತ್ತಿದಳು. "ಬಾಯಿ, ನಿಮ್ಮದೂ ಜಾಸ್ತಿ ಇದೆ. ಡಾಕ್ಟರಿಗೆ ತೋರಿಸಿ."

ಅವಳ ಬಿಪಿಯ ಸುತ್ತ ಏನೂ ತಿರುಗಲಿಲ್ಲ. ಫೂಫಿ ಅಡಿಕೆ ಕತ್ತರಿಸುತ್ತ ತೀರ್ಪು ಕೊಟ್ಟಳು:

"ಅವಗೊಬ್ಬ ಡಾಕ್ಟರ್, ಇಕಿಗೊಬ್ಬ ಡಾಕ್ಟರ್ ಅಂತ ಇರ್ತೈತೇನು? ಒಂದ ರಕ್ತ, ಒಂದ ಗುಳಿಗಿ. ಅರ್ಧರ್ಧ ನುಂಗ್ರಿ. ಪೂರಾ ನುಂಗಿದ್ರ ಮೈಗೆ ಉಷ್ಣ ಆಕ್ಕೈತಿ."

ಆವತ್ತಿನಿಂದ ಅಡಕೊತ್ತಿಗೆ ಹೊಸ ಕೆಲಸ ಬಂತು. ಮೊಟ್ಟೆ, ಮೀನು, ಈರುಳ್ಳಿ, ಏನನ್ನೇ ಆಗಲಿ ಎರಡು ಮಾಡಿ ಸಣ್ಣದನ್ನು ತನಗಿಟ್ಟುಕೊಳ್ಳುವ ಕೈಗೆ ಇದು ಹೊಸದೇನೂ ಅನಿಸಲಿಲ್ಲ. ಮುಂದಿನ ಸಲ ಹುಸೇನಸಾಬ ವಾಸ್ಕೋಕ್ಕೆ ಹೋದಾಗ ಅವನ ಬಿಪಿ ಸರಿಯಾಗಿಯೇ ಇತ್ತು. ನುಂಗುತ್ತಿರುವುದು ಅರ್ಧ ಎಂದು ಅವನು ಹೇಳಲಿಲ್ಲ, ಡಾಕ್ಟರು ಕೇಳಲಿಲ್ಲ. "ನೋಡಿದ್ಯಾ?" ಎಂದು ಫೂಫಿ ಗೆದ್ದವಳ ಹಾಗೆ ಸೊಸೆಯ ಮುಖ ನೋಡಿದಳು.

ಕೆಲವು ವಾರಗಳಲ್ಲಿ ಖುರ್ಷಿದಾಳಿಗೆ ಕೆಮ್ಮು ಹತ್ತಿತು. ಕಫವಿಲ್ಲ, ಜ್ವರವಿಲ್ಲ. ಜೋಳ ರಾಶಿ ಮಾಡುವಾಗ ಏಳುವ ಸುಂಕು ಗಂಟಲಲ್ಲಿ ಕೂತು ಕೆರೆದ ಹಾಗೆ, ಅಷ್ಟೆ. ಆದರೆ ಕೆರೆಯುವುದು ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಕೆಮ್ಮು ಬಂದರೆ ಮುಖ ತಿರುಗಿಸಿ, ಸೆರಗು ಒತ್ತಿ, ಹೊರಗೆ ಓಡಿ ಕೆಮ್ಮಿ, ಕೈ ತೊಳೆದು ಬರಬೇಕು. ಅಷ್ಟರಲ್ಲಿ ಹಂಚಿನ ಮೇಲಿನದು ಕರಕಲು. ಅರಿಶಿನ ಹಾಲು, ವೀಳ್ಯದೆಲೆಯ ರಸ, ದರ್ಗಾದ ತಾಯತ ಎಲ್ಲ ಆಯಿತು. ಕೆಮ್ಮು ಯಾವುದಕ್ಕೂ ಜಗ್ಗಲಿಲ್ಲ.

ಓಣಿಯಲ್ಲಿ ಯಾರೂ ಟಿಬಿ ಎನ್ನಲಿಲ್ಲ. ಹಾಗೆನ್ನದೆ ಡಬ್ಬಿ ಇಳಿಸಿಕೊಂಡರು. ಚಂದಪ್ಪನೂ ಒಂದು ಸಂಜೆ ಕಾಲಿನಿಂದ ನೆಲ ಕೆರೆಯುತ್ತ ಬಾಗಿಲಲ್ಲಿ ನಿಂತ.

"ಅಕ್ಕಾರ, ನಾಕ ದಿನ ನನ್ನ ಡಬ್ಬಿ ಬ್ಯಾಡ ಬಿಡ್ರಿ. ಊರಿಂದ ಒಬ್ಬ ಪಾಹುಣ್ಯಾ ಬಂದಾನ. ಅಡಗಿ ಅವನೇ ಮಾಡ್ತಾನಂತ."

ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಅಡಗಿ ಮಾಡೋ ಗಂಡಸು? ಯಾವ ಊರಾಗ ಬೆಳೀತಾವಪ್ಪಾ ಅಂಥಾವು? ಒಂದಿಟು ಕರಕೊಂಡ ಬಾ, ಆರತಿ ಮಾಡಿ ಕಳಸ್ತೇನಿ."

ಚಂದಪ್ಪ ನಗಲಿಲ್ಲ, ಡಬ್ಬಿ ಹಿಡಿದು ಹೋದ. ಖುರ್ಷಿದಾ ಗೋಡೆ ನೋಡಿದಳು. ಅರ್ಧಕ್ಕಿಂತ ಹೆಚ್ಚು ಮೊಳೆಗಳು ಬೋಳಾಗಿದ್ದವು. ಗಿರಾಕಿಗಳ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಕೆಮ್ಮುವವಳ ರೊಟ್ಟಿಯನ್ನು ತಾನಾದರೂ ತಿನ್ನುತ್ತಿದ್ದೆನೇ? ಆದರೆ ಒಲೆ ಆರಿದರೆ ತಾನು ಈ ಊರಿನಲ್ಲಿ ಯಾರು ಎಂಬುದು ಅವಳಿಗೆ ತಿಳಿಯಲಿಲ್ಲ. ಮತ್ತೆ ಬುಟ್ಟಿ ಹೊರಲು ಬೆನ್ನು ಉಳಿದಿರಲಿಲ್ಲ.

ರಸ್ತೆಯಾಚೆಯ ದವಾಖಾನೆಗೆ ಆಗಷ್ಟೇ ಒಬ್ಬ ಡಾಕ್ಟರಬಾಯಿ ಬಂದಿದ್ದರು. ಕುಮಟಾ ಕಡೆಯವರು, ಕನ್ನಡ ಬರುತ್ತದೆ ಎಂದು ಓಣಿಯ ಹೆಂಗಸರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಅವರು ಖುರ್ಷಿದಾಳ ಎದೆ, ಬೆನ್ನು ಕೇಳಿದರು. ಕಫದ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿದರು. ಟಿಬಿ ಇರಲಿಲ್ಲ. ಬಿಪಿ ಮಾತ್ರ ಏರಿಯೇ ಇತ್ತು.

"ಯಾವುದಾದರೂ ಮದ್ದು ಹೊಟ್ಟೆಗೆ ಹೋಗ್ತಾ ಇದೆಯಾ?" ಎಂದು ಕೇಳಿದರು.

ಖುರ್ಷಿದಾ ಬೆಚ್ಚಿಬಿದ್ದಳು. ಅವಳ ಊರಿನಲ್ಲಿ ಮದ್ದು ಅಂದರೆ ಔಷಧವಲ್ಲ. ಆಗದವರು ಅನ್ನದಲ್ಲಿ ಬೆರೆಸಿ ಹಾಕುವಂಥದು, ಒಳಗೊಳಗೇ ಮನುಷ್ಯರನ್ನು ಸವೆಸುವಂಥದು. "ಅಯ್ಯ, ಇಲ್ರಿ ಬಾಯಾರ! ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ರಿ. ಅತ್ತಿ ನಮ್ಮ ಅಬ್ಬಾನ ಸ್ವಂತ ಅಕ್ಕ."

ಡಾಕ್ಟರಬಾಯಿಗೆ ಅತ್ತೆ ಎಲ್ಲಿಂದ ಬಂದಳೆಂದು ತಿಳಿಯಲಿಲ್ಲ. "ಅಲ್ಲ, ಮಾತ್ರೆ, ಗುಳಿಗೆ?"

"ನನಗ್ಯಾವ ಗುಳಿಗೀನೂ ಇಲ್ರಿ."

ಅವಳು ಸುಳ್ಳು ಹೇಳಲಿಲ್ಲ. ಗುಳಿಗೆ ಮನೆಯವರದು. ಲಾರಿ ಅವರದು, ರೇಡಿಯೋ ಅವರದು, ಉಪ್ಪಿಲ್ಲದ ಪಲ್ಯ ಅವರದು. ಅವರ ಬಸಿಯಿಂದ ಚೆಲ್ಲಿದ ಚಹಾವನ್ನು ಯಾರಾದರೂ ತನ್ನ ಚಹಾ ಅನ್ನುತ್ತಾರೆಯೇ? ಡಾಕ್ಟರಬಾಯಿ ಕೆಮ್ಮಿನ ಔಷಧ ಕೊಟ್ಟು, ತಿಂಗಳು ಬಿಟ್ಟು ಬಿಪಿ ನೋಡೋಣ ಎಂದರು.

ಆ ತಿಂಗಳಲ್ಲೇ ಹುಸೇನಸಾಬ ಲಾರಿಗೆ ಹೊಸ ಬಾಡಿ ಕಟ್ಟಿಸಲು ಹುಬ್ಬಳ್ಳಿಗೆ ಹೋದ. ಬಾಡಿ ಕಟ್ಟುವವರು ಇವತ್ತು ನಾಳೆ ಎನ್ನುತ್ತ ಅವನನ್ನು ವಾರಗಟ್ಟಲೆ ಗ್ಯಾರೇಜಿನಲ್ಲೇ ಕೂರಿಸಿದರು. ಇತ್ತ ಖುರ್ಷಿದಾಳ ಕೆಮ್ಮು ಮೊದಲು ಸಣ್ಣದಾಯಿತು, ಆಮೇಲೆ ಅಪರೂಪವಾಯಿತು, ಒಂದು ಬೆಳಿಗ್ಗೆ ನೋಡಿದರೆ ಇಲ್ಲವೇ ಇಲ್ಲ. ರೊಟ್ಟಿಯ ಮೇಲೆ ರೊಟ್ಟಿ ಬಿತ್ತು, ಒಂದೂ ಕರಕಲಾಗಲಿಲ್ಲ.

"ನಿನ್ನ ಕೆಮ್ಮು ನಿನ್ನ ಗಂಡನ ಜೋಡಿ ಲಾರಿ ಹತ್ತಿ ಹೋಗೇತಿ ನೋಡು," ಎಂದಳು ಸಾವಂತ್ರೆವ್ವ.

"ಬಾಯಿ ಮುಚ್ಚ."

"ಖರೇ ಹೇಳ್ತೇನಿ. ನನ್ನ ಗಂಡನ್ನೂ ಒಂದ ಸಲ ಹುಬ್ಬಳ್ಳಿಗೆ ಕಳಸಿ ನೋಡ್ತೇನಿ. ನನ್ನ ಟೊಂಕದ ನೋವು ಹೋದ್ರ ಹೋಗಬಹುದು."

ಇಬ್ಬರೂ ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹುಸೇನಸಾಬ ಹಿಂದಿರುಗಿದ. ಲಾರಿಗೆ ಹಸಿರು ಬಣ್ಣ ಬಂದಿತ್ತು, ಹಿಂದುಗಡೆ ಎರಡು ನವಿಲು. ಒಂದು ವಾರ ಕಳೆಯುವುದರೊಳಗೆ ಕೆಮ್ಮೂ ಹಿಂದಿರುಗಿತು.

ಈಗ ಸಾವಂತ್ರೆವ್ವ ನಗಲಿಲ್ಲ. ಅವನ ಬೀಡಿ ಇರಬಹುದೇ? ಅವನ ಅಂಗಿಗೆ ಹತ್ತಿದ ಗಣಿಯ ಕೆಂಪು ಧೂಳೇ? ಖುರ್ಷಿದಾ ಅವನ ಬಟ್ಟೆಗಳನ್ನು ಹೊರಗೇ ಕೊಡವಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಗೆದಳು. ಫೂಫಿಗೆ ಸಿಟ್ಟು ಬಂತು. "ನನ್ನ ಮಗ ಅಂದ್ರ ನಿನಗ ಧೂಳಾ?" ಹುಸೇನಸಾಬ ಪಾಪ, ಎರಡು ದಿನ ಹೊರಗಿನ ಕಟ್ಟೆಯ ಮೇಲೆ ಮಲಗಿ ನೋಡಿದ. ಕೆಮ್ಮು ಹೋಗಲಿಲ್ಲ.

ಯಾರಿಗೂ ಹೇಳದೆ ಖುರ್ಷಿದಾ ಮತ್ತೆ ದವಾಖಾನೆಗೆ ಹೋದಳು. ಹೇಳುವುದು ಹೇಗೆಂದು ತಿಳಿಯದೆ ಸೆರಗಿನ ಅಂಚು ಸುರುಳಿ ಸುತ್ತಿದಳು.

"ಬಾಯಾರ, ನಗಬ್ಯಾಡ್ರಿ. ನಮ್ಮ ಮನಿಯವ್ರು ಊರಿಗೆ ಹೋದ್ರ ಕೆಮ್ಮು ಹೋಗತೈತಿ. ಅವ್ರು ಬಂದ್ರ ಬರತೈತಿ."

ಡಾಕ್ಟರಬಾಯಿ ನಕ್ಕೇಬಿಟ್ಟರು. ಆಮೇಲೆ ಪೆನ್ನು ಕೆಳಗಿಟ್ಟರು. "ಅವರು ಹೋಗುವಾಗ ಮನೆಯಿಂದ ಏನೇನು ತಗೊಂಡು ಹೋಗ್ತಾರೆ?"

"ಹಾಸಗಿ ಒಯ್ತಾರ. ಬುತ್ತಿ, ಬೀಡಿ. ಅವರ ಬಿಪಿ ಗುಳಿಗಿ."

"ಯಾವ ಗುಳಿಗೆ?"

ಖುರ್ಷಿದಾಳಿಗೆ ಹೆಸರು ಬರಲಿಲ್ಲ. ಆಕಾರ ಹೇಳಿದಳು, ಬಣ್ಣ ಹೇಳಿದಳು. "ಗಟ್ಟಿ ಭಾಳ ಇರ್ತೈತ್ರಿ. ಅಡಕೊತ್ತಿಲೇ ಕತ್ತರಿಸಿದ್ರೂ ಸರಿ ಅರ್ಧ ಆಗೂದಿಲ್ಲ."

"ಕತ್ತರಿಸೋದು ಯಾಕೆ?"

"ಅರ್ಧ ನನಗ್ರಿ."

ಡಾಕ್ಟರಬಾಯಿ ಹಿಂದಿನ ಚೀಟಿ ತಿರುವಿ ನೋಡಿದರು. "ಗುಳಿಗೆ ಇಲ್ಲ ಅಂದಿದ್ದಿರಿ."

"ನನ್ನದಲ್ರಿ, ಮನಿಯವ್ರದು."

ಕೆಮ್ಮಿನ ಮೂಲ ಸಿಕ್ಕಿತ್ತು. ಆ ಜಾತಿಯ ಗುಳಿಗೆ ನುಂಗುವವರಲ್ಲಿ ಕೆಲವರಿಗೆ ಹೀಗೆ ಒಣ ಕೆಮ್ಮು ಹತ್ತುತ್ತದೆ, ಬಿಟ್ಟರೆ ಕೆಲವು ವಾರಗಳಲ್ಲಿ ಹೋಗುತ್ತದೆ, ಹೆಂಗಸರಲ್ಲಿ ಹೆಚ್ಚು ಎಂದು ಡಾಕ್ಟರಬಾಯಿ ಹೇಳಿದರು. ಕೆಲವರಿಗೆ ಮಾತ್ರ ಯಾಕೆ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ, ಹುಟ್ಟಿನಿಂದಲೇ ಬರುವ ಗುಣವಿರಬಹುದು ಎನ್ನುತ್ತಾರೆ, ಎಂದರು. ಒಬ್ಬರ ಬಿಪಿ ಅರ್ಧ ಗುಳಿಗೆಗೇ ಇಳಿದರೆ ಇನ್ನೊಬ್ಬರದು ಇಡೀ ಗುಳಿಗೆಗೂ ಅಲುಗುವುದಿಲ್ಲ.

ಖುರ್ಷಿದಾಳಿಗೆ ಇದು ನ್ಯಾಯ ಎನಿಸಲಿಲ್ಲ. "ಅವರದೂ ನಂದೂ ಒಂದ ರಕ್ತ ಅಲ್ರಿ? ಅವರಿಗೆ ಗುಣ, ನನಗ ಕೆಮ್ಮು?"

"ನೀವಿಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು, ಸರಿ. ನಿಮ್ಮ ತಾಯಿ ಯಾವ ಮನೆಯವರು?"

"ಅಮ್ಮಾ ಹೊರಗಿನಾಕ್ರಿ. ಅಥಣಿ ಕಡಿಯಾಕಿ."

"ಹೊರಗಿನವರಾ?" ಡಾಕ್ಟರಬಾಯಿ ಅವಳ ಮುಖ ನೋಡಿದರು. "ನಿಮ್ಮ ಮೈಯಲ್ಲಿ ಅರ್ಧ ಅವರೇ ಅಲ್ವಾ ಇರೋದು?"

ಮನೆಗೆ ನಡೆದು ಬರುವಾಗ ಖುರ್ಷಿದಾಳ ತಲೆಯಲ್ಲಿ ಆ ಮಾತೇ ತಿರುಗುತ್ತಿತ್ತು. ಅಮ್ಮ ಆ ಮನೆಯಲ್ಲಿ ಸಾಯುವವರೆಗೆ ಬೀಸಿದಳು, ಬಡಿದಳು, ಹೆತ್ತಳು. ಸಾಯುವವರೆಗೂ ಅವಳು "ಅಥಣಿಯಾಕಿ". ಒಂದೇ ರಕ್ತ ಎಂದು ಎಣಿಸುವಾಗ ಯಾರೂ ಅವಳನ್ನು ಎಣಿಸಿರಲಿಲ್ಲ, ಖುರ್ಷಿದಾಳೂ ಎಣಿಸಿರಲಿಲ್ಲ. ಅಮ್ಮ ತನ್ನ ಲೆಕ್ಕವನ್ನು ತಾನೇ ಮಗಳ ಗಂಟಲಲ್ಲಿ ಬಿಟ್ಟುಹೋದಳೇನೋ ಅನಿಸಿ ಅವಳಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

ತಂಗಿ ಮೆಹಬೂಬಿ ನೆನಪಾದಳು. ಸಾಂಗೆಯ ಗಣಿಯ ಕೂಲಿಗಳ ಸಾಲುಮನೆಯಲ್ಲಿದ್ದ ಅವಳಿಗೂ ಬಿಪಿ ಇತ್ತು, ಹಿಂದಿನ ವರ್ಷ ಅವಳೂ ಕೆಮ್ಮುತ್ತಿದ್ದಳು. ಗಣಿಯ ಧೂಳು ಎಂದು ಎಲ್ಲರೂ ಸುಮ್ಮನಾಗಿದ್ದರು. ಅಲ್ಲಿಗೆ ಹೋಗುವ ಲಾರಿಯವರ ಕೈಯಲ್ಲಿ ಹೇಳಿ ಕಳಿಸಿದ್ದಕ್ಕೆ ಉತ್ತರ ಬಂತು: ಹೌದು, ಅದೇ ಗುಳಿಗೆ, ಅಲ್ಲಿನ ಡಾಕ್ಟರು ಬದಲಿಸಿಕೊಟ್ಟ ಮೇಲೆ ಕೆಮ್ಮು ನಿಂತಿದೆ, ಅಕ್ಕನಿಗೆ ಹೇಳುವಷ್ಟು ದೊಡ್ಡ ಸುದ್ದಿ ಅದು ಅನಿಸಿರಲಿಲ್ಲ.

ಡಾಕ್ಟರಬಾಯಿ ಅವಳಿಗೆ ಬೇರೆ ಗುಳಿಗೆ ಬರೆದಿದ್ದರು. "ಇದು ನಿಮಗೆ ಒಗ್ಗುತ್ತೋ ಇಲ್ಲವೋ ತಗೊಂಡೇ ನೋಡಬೇಕು. ಒಗ್ಗದಿದ್ದರೆ ಬದಲಿಸೋಣ. ಆದರೆ ಇಡೀ ಗುಳಿಗೆ ನುಂಗಬೇಕು. ನಿಮ್ಮವರಿಗೂ ಹೇಳಿ, ಅರ್ಧ ನುಂಗಿದ್ದನ್ನು ಅವರ ಡಾಕ್ಟರಿಗೆ ಒಪ್ಪಿಸಲಿ."

ಗುಳಿಗೆ ಒಗ್ಗಿತು. ತಿಂಗಳು ತುಂಬಿದಾಗ ಡಾಕ್ಟರಬಾಯಿ ಅವಳ ತೋಳಿನ ಪಟ್ಟಿ ಬಿಚ್ಚುತ್ತ ತಲೆಯಾಡಿಸಿದರು. ಕೆಮ್ಮು ಅಷ್ಟರಲ್ಲಿ ಮರೆತೇಹೋಗಿತ್ತು. ಮೊಳೆಗಳು ಒಂದೊಂದಾಗಿ ತುಂಬಿದವು. ಚಂದಪ್ಪ ಡಬ್ಬಿ ತಂದು ನಿಂತಾಗ ಸಾವಂತ್ರೆವ್ವ ಕಾದೇ ಇದ್ದಳು.

"ಯಾಕೋ, ಪಾಹುಣ್ಯಾ ಓಡಿ ಹೋದ್ನೇನು?"

"ಇಲ್ಲೇಳ ಸಾವಂತ್ರೆಕ್ಕಾ, ಅವನ ಕೈಯಾನ ಅಡಗಿ ತಿಂದು ನಾವ ಓಡಿ ಬಂದೇವಿ."

ಖುರ್ಷಿದಾ ಅವನ ಹಳೆಯ ಮೊಳೆಗೇ ಡಬ್ಬಿ ತೂಗಿದಳು. ತನ್ನ ಗುಳಿಗೆಗಳ ಬೆಳ್ಳಿಬಣ್ಣದ ಹಾಳೆಯನ್ನು ಹಿಟ್ಟಿನ ಡಬ್ಬಿಯ ಪಕ್ಕ, ಒಲೆಯ ಗೂಡಿನಲ್ಲಿ ಇಟ್ಟಳು. ಆ ಮನೆಯಲ್ಲಿ "ನನ್ನದು" ಎಂದು ಅವಳು ಬಾಯಿಬಿಟ್ಟು ಹೇಳಿದ ಮೊದಲ ವಸ್ತು ಅದು.

ಮುಂದಿನ ವರ್ಷದ ಶಿಬಿರದಲ್ಲಿ ನರ್ಸು ಫೂಫಿಯ ಒಣಗಿದ ತೋಳಿಗೆ ಪಟ್ಟಿ ಸುತ್ತಿದಳು. "ಅಜ್ಜೀ, ನಿಮಗೂ ಇದೆ." ಫೂಫಿ ಮನೆಗೆ ಬಂದದ್ದು ಬಹುಮಾನ ಗೆದ್ದವಳ ಹಾಗೆ.

"ನನಗೂ ಬಂತು ನೋಡು ಬಿಪಿ. ಖುರ್ಷಿದಾ, ನಿನ್ನ ಗುಳಿಗಿ ನಿನಗ ಚಲೋ ಹತ್ತೇತಿ. ಅದರಾಗ ಅರ್ಧ ನನಗ ಕೊಡು."

"ಫೂಫಿ, ಮೊದಲ ಡಾಕ್ಟರಬಾಯಿಗೆ ತೋರಸ್ಬೇಕು. ನನಗ ಹತ್ತಿದ್ದು ನಿಮಗ ಹತ್ತತೈತಂತ ಏನ ಗ್ಯಾರಂಟಿ?"

"ಗಂಡಸರ ಗುಳಿಗಿ ನಿನಗ ಹತ್ತಲಿಲ್ಲ, ಅದು ಖರೇ. ಇದು ಹೆಂಗಸರ ಗುಳಿಗಿ. ನಾನೂ ನೀನೂ ಒಂದ ರಕ್ತ."

"ಕೊಟ್ಟಬಿಡ ಅರ್ಧ," ಎಂದ ಹುಸೇನಸಾಬ ಚಾಪೆಯ ಮೇಲಿಂದ. "ಅಕಿನ್ನ ದವಾಖಾನಿಗೆ ಕರಕೊಂಡ ಹೋಗವ್ರು ಯಾರು?"

ಯಾರು ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದವಾಖಾನೆ ತೆರೆಯುವ ಹೊತ್ತೂ ಬುತ್ತಿ ಕಟ್ಟುವ ಹೊತ್ತೂ ಒಂದೇ. ಸಾಲಿನಲ್ಲಿ ಫೂಫಿಯ ಜೊತೆ ಕೂತರೆ ಆವತ್ತು ಒಲೆ ಇಲ್ಲ, ಡಬ್ಬಿಗಳಿಲ್ಲ. 

ಮರುದಿನ ಬೆಳಕಿಗೆ ಮೊದಲು ಗುಡ್ಡಕ್ಕೆ ಹೋಗಿಬಂದಳು. ನೀರು ತುಂಬಿದಳು. ವಜೂಗೆ ನೀರಿಟ್ಟಳು. ಒಲೆ ಹೊತ್ತಿಸಿ, ಎಸರಿಟ್ಟು, ಗೂಡಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿತು. ಫೂಫಿ ಅಡಕೊತ್ತನ್ನು ಗುಳಿಗೆಯ ಹಾಳೆಯ ಮೇಲೇ ಇಟ್ಟು ಮಲಗಿದ್ದಳು.

ಗುಳಿಗೆಯನ್ನು ಅಂಗೈಗೆ ತೆಗೆದುಕೊಂಡಳು. ನಡುವೆ ಒಂದು ಗೆರೆ ಇತ್ತು, ಕತ್ತರಿಸು ಎಂದು ಹೇಳುವ ಹಾಗೆ. ಕತ್ತರಿಸಿದರೆ ಮಾತು ಮುಗಿಯುತ್ತಿತ್ತು. ಫೂಫಿ ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಿದ್ದಳು, ಗಂಡ ಮಗ್ಗುಲು ಬದಲಿಸಿ ಮಲಗುತ್ತಿದ್ದ, ಬುತ್ತಿ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆಮೇಲೆ ತನ್ನ ಬಿಪಿ ಏರುತ್ತಿತ್ತು, ಸದ್ದಿಲ್ಲದೆ. ಮುದುಕಿಗೆ ಏನಾಗುತ್ತಿತ್ತೋ ಯಾರಿಗೆ ಗೊತ್ತು; ಆದದ್ದನ್ನು ನೋಡಿಕೊಳ್ಳುವವಳು ಯಾರು ಎಂಬುದು ಮಾತ್ರ ಗೊತ್ತಿತ್ತು. ಎಸರು ಕುದಿಯತೊಡಗಿತ್ತು. ಒಳಗೆ ಇಬ್ಬರ ಗೊರಕೆ, ತಾಯಿಯದೂ ಮಗನದೂ, ಒಂದೇ ತಾಳದಲ್ಲಿ ನಡೆದಿತ್ತು.

ಖುರ್ಷಿದಾ ಇಡೀ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿ ನೀರು ಕುಡಿದಳು. ಅಡಕೊತ್ತನ್ನು ಎಲೆಯಡಿಕೆ ಚೀಲಕ್ಕೆ ಹಿಂದಿರುಗಿಸಿದಳು. ಆಮೇಲೆ ಬಾಗಿಲ ಬಳಿ ಬಗ್ಗಿ, ಮೂಲೆಯಲ್ಲಿ ಬಿದ್ದಿದ್ದ ಫೂಫಿಯ ಚಪ್ಪಲಿಗಳನ್ನು ಹುಡುಕಿ ತೆಗೆದು, ಧೂಳು ಕೊಡವಿ, ಹುಸೇನಸಾಬನ ಚಪ್ಪಲಿಗಳ ಪಕ್ಕದಲ್ಲಿ, ಎರಡೂ ಜೊತೆಯ ಮುಖ ದವಾಖಾನೆಯ ಕಡೆ ಮಾಡಿ, ಜೋಡಿಸಿಟ್ಟಳು. ಒಲೆಯ ಮುಂದೆ ಕೂತು ಹಿಟ್ಟಿಗೆ ಎಸರು ಸುರಿದಳು.